ಕುದುರೆ ಜೂಜಿನವನಿಗೆ ಮನೆ ಸಾಲ ಕೊಡಿಸಿದ್ದು

ಸಾಲ ಕೊಡಿಸುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಹುಡುಕಿಕೊಂಡು ಬಂದಾಗ ಮೊದಲು ಕೇಳುವುದು ಕಮಿಷನ್ ಎಷ್ಟು ಸಿಗುತ್ತದೆ ಎಂದು. ಆಮೇಲೆ ಕೇಳುವುದು ಯಾವ ಬ್ಯಾಂಕಿನಲ್ಲಿ ಬೇಗ ಪಾಸಾಗುತ್ತದೆ ಎಂದು. ಎಂಥವರಿಗೆ ಕೊಡಿಸಬೇಕು ಎಂದು ಈವರೆಗೆ ಒಬ್ಬರೂ ಕೇಳಿದ್ದಿಲ್ಲ. ಈ ಕಸುಬಿನಲ್ಲಿ ಕಲಿಯಬೇಕಾದದ್ದು ಅದೊಂದೇ. ಮಿಕ್ಕಿದ್ದೆಲ್ಲ ಜೆರಾಕ್ಸ್ ಅಂಗಡಿಯವನಿಗೂ ಗೊತ್ತಿರುತ್ತದೆ.

ನಾನು ಸೋಮನಹಳ್ಳಿಯವಳು. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು, ಎರಡು ಸಲವೂ ಗಣಿತದಲ್ಲೇ ಫೇಲಾದವಳು. ಮದ್ದೂರಿನ ಒಂದು ಸಹಕಾರಿ ಬ್ಯಾಂಕಿಗೆ ಪಿಗ್ಮಿ ಕಟ್ಟಿಸಿಕೊಳ್ಳುವವಳಾಗಿ ಶುರುಮಾಡಿದೆ. ಈಗಿನ ಮಕ್ಕಳಿಗೆ ಪಿಗ್ಮಿ ಅಂದರೆ ಗೊತ್ತಿರಲಿಕ್ಕಿಲ್ಲ. ಬ್ಯಾಂಕಿಗೆ ಬರಲು ಪುರುಸೊತ್ತಿಲ್ಲದವರ ಬಳಿಗೆ ನಾವೇ ದಿನಾ ಹೋಗಿ, ಅವರು ಕೊಟ್ಟಷ್ಟನ್ನು ಇಸಿದುಕೊಂಡು, ಕಾರ್ಡಿನಲ್ಲಿ ಬರೆದು ಸಹಿ ಹಾಕಿ, ಸಂಜೆ ಬ್ಯಾಂಕಿಗೆ ಕಟ್ಟಬೇಕು. ಹೂವು ಮಾರುವವಳು ಇಪ್ಪತ್ತು ಕೊಡುತ್ತಾಳೆ, ಸೈಕಲ್ ಶಾಪಿನವನು ಐವತ್ತು ಕೊಡುತ್ತಾನೆ. ಅದರ ಮಳವಳ್ಳಿ ಶಾಖೆಗಾಗಿ ಹದಿನಾಲ್ಕು ವರ್ಷ ಆ ಪೇಟೆಯನ್ನು ಹೀಗೆ ಸುತ್ತಿದೆ. ಆಮೇಲೆ ಮನೆ ಸಾಲದ ಏಜೆಂಟಾದೆ. ಮಂಡ್ಯದಲ್ಲಿ ಒಂದು ಹತ್ತಡಿ ಅಂಗಡಿ, ಎರಡು ಕುರ್ಚಿ, ಒಂದು ಸ್ಕೂಟಿ. ಮೊಣಕಾಲು ಇನ್ನು ಆಗುವುದಿಲ್ಲ ಎಂದ ಮೇಲೆ ಅಂಗಡಿ ಮುಚ್ಚಿದೆ. ಜನ ಈಗಲೂ ನನ್ನನ್ನು ಲೋನ್ ಸರೋಜಮ್ಮ ಎಂದೇ ಕರೆಯುವುದು.

ಸಾಲದ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಎಲ್ಲರ ಹಾಗೆ ಸಂಬಳದ ಚೀಟಿಗೆ ಕೈ ಮುಗಿಯುತ್ತಿದ್ದೆ. ಶಿವನಸಮುದ್ರದ ಕಡೆಯ ಒಬ್ಬ ಸಂಬಳದಾರನಿಗೆ ಎಂಟೇ ದಿನದಲ್ಲಿ ಸಾಲ ಕೊಡಿಸಿ, ಬ್ಯಾಂಕಿನವರಿಂದ ಶಹಬ್ಬಾಸ್ ಅನ್ನಿಸಿಕೊಂಡೆ. ಆತ ನಾಲ್ಕು ಕಂತು ಕಟ್ಟಿ ಫೋನ್ ಆಫ್ ಮಾಡಿದ. ಅದೇ ತಿಂಗಳು ವೈದ್ಯನಾಥಪುರದ ಒಬ್ಬ ಎಳನೀರು ವ್ಯಾಪಾರಿಯನ್ನು ಕಾಗದವಿಲ್ಲ ಎಂದು ವಾಪಸು ಕಳಿಸಿದ್ದೆ. ಆತ ಮೈದುನನ ಹತ್ತಿರ ಕೈಸಾಲ ಮಾಡಿ ಮನೆ ಕಟ್ಟಿದ, ಎರಡೂವರೆ ವರ್ಷದಲ್ಲಿ ತೀರಿಸಿಯೂ ಬಿಟ್ಟ. ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದ. ಹೋಳಿಗೆ ಬಡಿಸುತ್ತಾ, "ಬ್ಯಾಂಕ್ನೋರ್ ಕೊಡ್ನಿಲ್ಲ ಅಂತ ನೀವೇನ್ ಬ್ಯಾಸ್ರ ಮಾಡ್ಕಬೇಡಿ ಸರೋಜಮ್ಮಾರೆ, ಇನ್ನೊಂದ್ ಆಕ್ಲಾ?" ಎಂದ. ನಾನು ಎಲೆಗೆ ಕೈ ಅಡ್ಡ ಹಿಡಿದೆ.

ಹಿಂದೆಲ್ಲ ಮ್ಯಾನೇಜರು ಏಜೆಂಟನ್ನು ಪಕ್ಕಕ್ಕೆ ಕರೆದು, "ಮನುಷ್ಯ ಹೇಗಮ್ಮ?" ಎಂದು ಕೇಳುತ್ತಿದ್ದರು. ಈಗ ಕಂಪ್ಯೂಟರಿಗೆ ಪ್ಯಾನ್ ನಂಬರು ಹಾಕಿದರೆ ಹಳೆಯ ಸಾಲ ತೀರಿಸಿದ ಲೆಕ್ಕದ ಸ್ಕೋರು ಬರುತ್ತದೆ. ಸ್ಕೋರು ಕೆಟ್ಟದ್ದೇನಲ್ಲ, ನಾನೂ ಅದನ್ನೇ ನಂಬಿ ಎಷ್ಟೋ ಫೈಲು ಮಾಡಿದ್ದೇನೆ. ಆದರೆ ಸಾಲವನ್ನೇ ಮಾಡದವನಿಗೆ ಸ್ಕೋರೂ ಇರುವುದಿಲ್ಲ. ಅಂಥವನೊಬ್ಬ ನನ್ನ ಅಂಗಡಿಗೆ ಬಂದ.

ಮಳವಳ್ಳಿಯ ಕೆಂಪರಾಜು. ನಲವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮೇಷ್ಟರೇ ಇರಬೇಕು ಎಂದುಕೊಂಡೆ.

"ಏನಪ್ಪ ಕೆಲಸ?" ಎಂದೆ.

"ಕುದ್ರೆ ಆಡ್ತೀನಿ ಕಣಕ್ಕ."

"ಆಡೋದು ಇರ್ಲಿ ಬಿಡು. ಹೊಟ್ಟೆಪಾಡಿಗೆ ಏನು ಮಾಡ್ತೀಯ?"

"ಅದೇ ಅಕ್ಕ ಒಟ್ಟೆಪಾಡು."

ನಾನು ಪೆನ್ನು ಕೆಳಗಿಟ್ಟೆ. ಆತ ನಗಲಿಲ್ಲ, ನಾಚಿಕೊಳ್ಳಲೂ ಇಲ್ಲ. ಮೈಸೂರು, ಬೆಂಗಳೂರಿನ ರೇಸುಗಳಿಗೆ ಹೋಗುತ್ತಾನೆ. ಹದಿಮೂರು ವರ್ಷದಿಂದ ಬೇರೆ ದುಡಿಮೆ ಇಲ್ಲ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಸಾಲ ಮಾಡಿ ಆಡುವುದಿಲ್ಲ. ಹೆಂಡತಿ ಭಾಗ್ಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ.

ಬಂದ ಕಾರಣ ಇಷ್ಟು. ಅವರು ಬಾಡಿಗೆಗಿದ್ದ ಮನೆಯ ಯಜಮಾನರು ಮನೆ ಮಾರುತ್ತಿದ್ದರು. ಎಷ್ಟಾದರೂ ಮನೆಯಲ್ಲಿ ಇರುವವರು ಎಂದು ಇವರಿಗೇ ಮೊದಲು ಹೇಳಿದರು. ಇಪ್ಪತ್ತನಾಲ್ಕು ಲಕ್ಷಕ್ಕೆ ಮಾತಾಯಿತು. ನಾಲ್ಕು ಲಕ್ಷ ಮುಂಗಡ ಕೊಟ್ಟು ಅಗ್ರಿಮೆಂಟ್ ಬರೆಸಿಕೊಂಡಿದ್ದಾರೆ. ಮೂರು ತಿಂಗಳೊಳಗೆ ರಿಜಿಸ್ಟರ್ ಆಗಬೇಕು. ಆಗದಿದ್ದರೆ ಮುಂಗಡವೂ ಹೋಯಿತು, ಮನೆಯೂ ಹೋಯಿತು. ಕೈಯಲ್ಲಿ ಇನ್ನೂ ಎಂಟು ಲಕ್ಷ ಹೊಂದಿಸಬಲ್ಲ. ಹನ್ನೆರಡಕ್ಕೆ ಸಾಲ ಬೇಕು.

"ಈ ಅದ್ಮೂರ್ ವರ್ಸಕ್ಕೆ ಏಳ್ ಮನೆ ಬದ್ಲಾಯಿಸಿದ್ದೀವಿ ಅಕ್ಕ. ಎಲ್ಲಾನೂ ಯಾಕ್ ಬುಡ್ಸಿದ್ರು ಗೊತ್ತಾ? ನನ್ ಕಸ್ಬು ಗೊತ್ತಾದ್ ತಿಂಗ್ಳೇ ಖಾಲಿ ಮಾಡಿ ಅನ್ನೋರು. ಇದೊಂದ್ ಮನೆಯೋರು ಮಾತ್ರ ಏನೂ ಅನ್ನಿಲ್ಲ. ಇದು ಓದ್ರೆ ಭಾಗ್ಯ ಇನ್ ಗಂಟು ಮೂಟೆ ಕಟ್ಟಲ್ಲ ಕಣಕ್ಕ. ಅವ್ಳೇ ಎದ್ದು ಓಯ್ತಳೆ."

ಜೂಜನ್ನು ನಾನು ಒಳ್ಳೆಯದೆಂದು ಹೇಳುವವಳಲ್ಲ. ಕುದುರೆ ಬಾಲ ಹಿಡಿದು ಗದ್ದೆ ಕಳೆದುಕೊಂಡವರೂ ಸಾಲ ಕೇಳಿಕೊಂಡು ಬಂದಿದ್ದರು, ಅವರನ್ನು ಬಾಗಿಲಲ್ಲೇ ಕಳಿಸಿದ್ದೆ. ಇವನಲ್ಲಿ ಏನೋ ಬೇರೆ ಕಂಡಿತು. ಮನುಷ್ಯನನ್ನು ನೋಡಿದ್ದು ಸರಿಯಾಗಿಯೇ ಇತ್ತು. ಎಡವಿದ್ದು ಆಮೇಲೆ. ಅದನ್ನೂ ಬರೆಯುತ್ತೇನೆ, ನಿಮಗೆ ಬುದ್ಧಿ ಬರಲಿ ಎಂದು.

ಜೂಜು ಎಂದು ಬರೆದರೆ ಯಾವನೂ ಫೈಲು ತೆರೆಯುವುದಿಲ್ಲ ಎಂದು ತೀರ್ಮಾನಿಸಿ, ಮಂಡ್ಯದ ಒಂದು ಮನೆ ಸಾಲದ ಕಂಪನಿಯ ಅರ್ಜಿಯಲ್ಲಿ ಕಸುಬು ಎಂಬಲ್ಲಿ 'ಹೈನುಗಾರಿಕೆ, ನಾಲ್ಕು ಹಸು' ಎಂದು ಬರೆದೆ. ನಮ್ಮ ಜಿಲ್ಲೆಯಲ್ಲಿ ಹಸುವಿಲ್ಲದ ಮನೆ ಯಾವುದು? ಯಾರು ಕೇಳುತ್ತಾರೆ? ತನಿಖೆಗೆ ಬರುವ ದಿನ ಎರಡು ಬೀದಿ ಆಚೆಯ ನಂಜುಂಡಪ್ಪನ ಹಸುಗಳನ್ನು ಹೊಡೆದುಕೊಂಡು ಬಂದು ಕೆಂಪರಾಜುವಿನ ಹಿತ್ತಿಲಲ್ಲಿ ಕಟ್ಟುವುದೆಂದು ಗೊತ್ತುಮಾಡಿದೆವು. ಭಾಗ್ಯ ಮಾತ್ರ, "ಇದ್ಯಾಕೋ ಸರಿ ಕಾಣಕಿಲ್ಲ ಕಣಕ್ಕ" ಎಂದಳು. "ನೀನು ಸುಮ್ಕಿರಮ್ಮ, ನನಗೆ ಬಿಡು" ಎಂದೆ.

ತನಿಖೆಯ ಆಫೀಸರು ಬಂದರು. ಹಸುಗಳನ್ನು ಎಣಿಸಿದರು, ಅವನ್ನು ಕಟ್ಟಿದ್ದ ಗೊಂತು ನೋಡಿದರು. ಸೆಗಣಿ ಒಂದೇ ದಿನದ್ದು. "ಡೈರಿಗೆ ಹಾಲು ಹಾಕ್ತೀರಲ್ಲ, ಪಾಸ್‌ಪುಸ್ತಕ ಕೊಡಿ" ಎಂದರು.

ದಿನಾ ಬೆಳಗ್ಗೆ ಡೈರಿ ಮುಂದೆ ಕ್ಯಾನು ಹಿಡಿದು ನಿಂತ ಜನವನ್ನು ನೋಡುತ್ತಲೇ ಬೆಳೆದವಳು ನಾನು. ಆ ಪುಸ್ತಕದ ನೆನಪೇ ಬಂದಿರಲಿಲ್ಲ.

"ಮನೆಗೇ ಆಗೋಯ್ತದೆ ಸಾರ್" ಎಂದ ಕೆಂಪರಾಜು.

"ನಾಲ್ಕು ಹಸಿನ ಹಾಲೂ? ಮನೇಲಿ ಎಷ್ಟು ಜನ?"

"ಇಬ್ರು."

"ಸರಿ, ಒಂದು ಲೋಟ ಕರೆದುಕೊಡಿ. ಕುಡಿದು ಬಾಳ ದಿನ ಆಯ್ತು."

ಕೆಂಪರಾಜು ಚೊಂಬು ಹಿಡಿದು ಹೋದ. ಮೊದಲು ಕರುವನ್ನು ಬಿಟ್ಟು ಸೊರ ಬಿಡಿಸಿ ಕೆಚ್ಚಲಿಗೆ ಹಾಲು ಇಳಿಸಬೇಕೆಂದು ಗೊತ್ತಿಲ್ಲ. ಹಾಲು ಕರೆಯುವ ಮಗ್ಗುಲು ಬಿಟ್ಟು ಆಚೆ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತ. ಕೆಚ್ಚಲಿಗೆ ಕೈ ಹಾಕಿದನೋ ಇಲ್ಲವೋ, ಹಸು ಒಂದು ಒದ್ದಿತು ನೋಡಿ. ಚೊಂಬು ಬಾವಿಕಟ್ಟೆಗೆ ಹೋಗಿ ಬಿತ್ತು, ಇವನು ಸೆಗಣಿಯಲ್ಲಿ ಕೂತ. ಅಷ್ಟರಲ್ಲಿ ಬೀದಿಯಲ್ಲಿ ಕೂಗು. ನಂಜುಂಡಪ್ಪ ಹಸು ಕೊಟ್ಟದ್ದನ್ನು ಹೆಂಡತಿಗೆ ಹೇಳಿರಲಿಲ್ಲ. ಆ ಯಮ್ಮ ಹುಡುಕಿಕೊಂಡು ಬಂದುಬಿಟ್ಟಳು.

"ಲೋ ಕೆಂಪ! ನಮ್ ಅಸೀನ ಯಾಕ್ಲಾ ಇಲ್ ಕಟ್ಟಾಕಿದ್ದೀಯೆ? ಕುದ್ರೆ ಸಾಲ್ದು ಅಂತ ಅಸೀಗೂ ಜೂಜ್ ಕಟ್ಟೀಯೇನ್ಲಾ?"

ಆಫೀಸರು ಫೈಲು ಮುಚ್ಚಿದರು. "ಅಮ್ಮ, ನಾನೂ ನಾಗಮಂಗಲದ ಕಡೆಯವನು. ನಾನೂ ಹಸು ಮೇಸಿದ್ದೀನಿ" ಎಂದಷ್ಟೇ ಹೇಳಿ ಹೋದರು.

ಅರ್ಜಿ ತಿರಸ್ಕಾರವಾಯಿತು. ಇಷ್ಟಕ್ಕೆ ನಲವತ್ತೊಂದು ದಿನ ಕಳೆದಿತ್ತು. ಉಳಿದದ್ದು ಐವತ್ತು ದಿನವೂ ಇಲ್ಲ.

ಹೇಳಲು ಅವರ ಮನೆಗೆ ನಾನೇ ಹೋದೆ. ಏಜೆಂಟಾದವರು ಒಳ್ಳೆಯ ಸುದ್ದಿಯನ್ನು ಬೇಕಾದರೆ ಫೋನಿನಲ್ಲಿ ಹೇಳಿ, ಕೆಟ್ಟದ್ದನ್ನು ಎದುರಿಗೆ ಹೋಗಿಯೇ ಹೇಳಬೇಕು. ಭಾಗ್ಯ ಆಗತಾನೆ ಗಾರ್ಮೆಂಟ್ಸ್ ಬಸ್ಸು ಇಳಿದು ಬಂದಿದ್ದಳು. ಅಳಲಿಲ್ಲ. ನನ್ನ ಮೇಲೆ ಹರಿಹಾಯ್ದಳು.

"ನಾವೇನ್ ಕದ್ದಿದ್ದೀವಾ ಅಕ್ಕ, ಸುಳ್ ಏಳಕ್ಕೆ? ಇವ್ರ ಕಸ್ಬು ಇವ್ರಿಗೇ ನಾಚ್ಕೆ ಇಲ್ಲ. ನಿಮ್ಗ್ಯಾಕ್ ನಾಚ್ಕೆ? ಅದ್ನಾಲಕ್ ವರ್ಸ ಈ ಬೀದೀಲಿ ದುಡ್ಡು ಈಸ್ಕೊಂಡ್ ತಿರ್ಗಿದ್ರಿ. ನನ್ ಮಕ ನೋಡಿ ಒಂದ್ ಮಾತ್ ಕೇಳಿದ್ರಾ?"

ಒಳಗೆ ಹೋಗಿ ಒಂದು ಹಾರ್ಲಿಕ್ಸ್ ಡಬ್ಬ ತಂದು ಚಾಪೆಯ ಮೇಲೆ ಸುರಿದಳು. ಪಿಗ್ಮಿ ಕಾರ್ಡುಗಳು. ಒಂಬತ್ತು ವರ್ಷದವು, ರಬ್ಬರ್ ಬ್ಯಾಂಡು ಹಾಕಿ ಕಟ್ಟಿದ್ದವು. ಮೊದಲ ನಾಲ್ಕು ವರ್ಷದ ಕಾರ್ಡುಗಳಲ್ಲಿ ದಿನದಿನಕ್ಕೂ ಇದ್ದದ್ದು ನನ್ನ ಸಹಿ.

ಬಸ್ ಸ್ಟಾಪಿನಲ್ಲಿ ಬೆಳಗ್ಗೆ ಏಳಕ್ಕೆ ಟಿಫನ್ ಡಬ್ಬಿ ಹಿಡಿದು ನಿಂತು ದಿನಾ ನೂರೈವತ್ತು ರೂಪಾಯಿ ಕೊಡುತ್ತಿದ್ದ ಹೆಣ್ಣುಮಗಳು ನೆನಪಿದ್ದಳು. ಅವಳೇ ಇವಳು ಎಂದು ಮೊದಲ ದಿನವೇ ಗುರುತು ಹಿಡಿದಿದ್ದೆ. ಆದರೆ ಅದು ಅವಳ ಸಂಬಳದ ದುಡ್ಡೆಂದೇ ತಿಳಿದಿದ್ದೆ.

"ನನ್ ಸಂಬ್ಳ ಬಾಡ್ಗೆಗೂ ಅಕ್ಕಿಗೂ ಆಗೋಯ್ತದಕ್ಕ. ಇದು ಇವ್ರದ್ದು. ಗೆದ್ದಿದ್ ದಿನ ಮನೇಗ್ ಬಂದು ಮೊದ್ಲು ಈ ಡಬ್ಬಕ್ಕೆ ಮುಂದಿನ್ ಎರಡ್ ತಿಂಗ್ಳು ಪಿಗ್ಮಿ ದುಡ್ಡು ಆಕ್ಬೇಕು. ಆಮ್ಯಾಕೇ ಕಾಲ್ ತೊಳ್ಯೋದು. ಮಿಕ್ಕಿದ್ರಲ್ಲಿ ಆಡ್ಕಳಿ, ಸೋಲ್ಲಿ, ನಾನ್ ಕೇಳಕಿಲ್ಲ."

ಒಂಬತ್ತು ವರ್ಷದಲ್ಲಿ ತಪ್ಪಿದ್ದು ಹನ್ನೊಂದು ದಿನ. ಅವಳ ಅವ್ವ ತೀರಿಕೊಂಡ ಹನ್ನೊಂದು ದಿನ.

ನಾನು ಆ ಚಾಪೆಯ ಮೇಲೆ ಕೂತು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಜೂಜಿನ ದುಡ್ಡು ಇವತ್ತು ಬರುತ್ತದೆ, ನಾಳೆ ಇಲ್ಲ. ಬ್ಯಾಂಕಿಗೆ ಭಯ ಇರುವುದು ಅದಕ್ಕೇ. ಆ ದುಡ್ಡನ್ನು ಈ ಹೆಂಗಸು ದಿನಗೂಲಿಯ ಹಾಗೆ ತುಂಡು ಮಾಡಿ, ತಪ್ಪದೆ ಕಟ್ಟಿದ್ದಾಳೆ. ಅದಕ್ಕೆ ಸಾಕ್ಷಿ ನಾನೇ. ಅದನ್ನು ಬಿಟ್ಟು ಪರರ ಹಸು ಕಟ್ಟಲು ಹೋಗಿದ್ದೆ.

ಕಾರ್ಡುಗಳನ್ನು ಕಟ್ಟಿಕೊಂಡು ಮಾರನೆಯ ದಿನವೇ ಮದ್ದೂರಿಗೆ, ನನ್ನ ಹಳೆಯ ಸಹಕಾರಿ ಬ್ಯಾಂಕಿಗೆ ಹೋದೆ. ಅಲ್ಲಿ ಮ್ಯಾನೇಜರು ವಿಶಾಲಾಕ್ಷಿ ಮೇಡಂ. ಅವರ ಕೈಯಲ್ಲಿ ಪಳಗಿದವರು ಎಲ್ಲಿ ಬೇಕಾದರೂ ಬದುಕುತ್ತಾರೆ. ಅವರು ಫೈಲನ್ನು ಯಾವತ್ತೂ ಕೊನೆಯ ಹಾಳೆಯಿಂದ ಓದುವವರು. "ಮೊದಲ ಹಾಳೆ ಎಲ್ಲರೂ ಚೆನ್ನಾಗೇ ಬರೀತಾರೆ ಸರೋಜಮ್ಮ" ಎನ್ನುವರು. ಅದಕ್ಕೇ ಹಸುವಿನ ಕಥೆಯನ್ನು ನನ್ನ ಕೈಯಾರೆ ಬರೆದು ಕೊನೆಯ ಹಾಳೆಯಾಗಿ ಇಟ್ಟಿದ್ದೆ. ಮುಚ್ಚಿಟ್ಟರೂ ಕಂಪ್ಯೂಟರು ಹೇಳುತ್ತದೆ, ಬೇರೆ ಕಡೆ ಅರ್ಜಿ ಬಿದ್ದುಹೋಗಿದೆ ಎಂದು. ಅದು ಹೇಳುವ ಮೊದಲು ನಾವು ಹೇಳಿದರೆ ನಮ್ಮ ಮಾತಿಗೆ ಬೆಲೆ.

ಮೇಡಂ ಓದಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ಹಸು ಒದ್ದಿದ್ದು ಇವನಿಗಲ್ಲ, ನಿಮಗೆ" ಎಂದರು.

"ಹೌದು ಮೇಡಂ, ಇನ್ನೂ ನೋಯ್ತಿದೆ."

ಕಸುಬಿನ ಜಾಗ ನೋಡಿದರು. ಕುದುರೆ ರೇಸು ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ.

"ಇದನ್ನ ಆದಾಯ ಅಂತ ಹೇಗೆ ತಗೊಳ್ಳೋದು ಸರೋಜಮ್ಮ? ಜೂಜು ಇದು."

ಇದಕ್ಕೆ ನಾನು ಬಸ್ಸಿನಲ್ಲೇ ಉತ್ತರ ಹೊಸೆದು ತಂದಿದ್ದೆ. "ಮೇಡಂ, ಇವನು ದೊಡ್ಡ ಮೊತ್ತ ಗೆದ್ದಾಗೆಲ್ಲ ನೂರಕ್ಕೆ ಮೂವತ್ತು ಹಿಡಿದುಕೊಂಡೇ ಕೈಗೆ ಕೊಡೋದು. ಆ ಕಾಗದ ಇಲ್ಲಿದೆ, ವರ್ಷವರ್ಷ ರಿಟರ್ನ್ಸ್ ಹಾಕಿರೋದೂ ಇದೆ. ಸರ್ಕಾರ ತೆರಿಗೆ ಕಿತ್ತುಕೊಳ್ಳೋವಾಗ ಇದು ಆದಾಯ. ನಾವು ಮನೆಗೆ ಸಾಲ ಕೇಳಿದಾಗ ಮಾತ್ರ ಜೂಜಾ?"

ಮೇಡಂ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಚೌಕಾಸಿಗೆ ಕೂತರು ಎಂದರ್ಥ.

"ಎಷ್ಟು ಬೇಕು?"

"ಹದಿನಾಲ್ಕು."

"ಹನ್ನೆರಡು ಬೇಕು ಅಂತ ಹದಿನಾಲ್ಕು ಕೇಳ್ತಿದ್ದೀರಿ. ಹತ್ತು ಕೊಡ್ತೀನಿ ಅಂತ ನಾನು ಹೇಳ್ತೀನಿ. ಈ ನಾಟಕ ಬಿಟ್ಟು ಕೆಲಸಕ್ಕೆ ಬರೋಣವಾ?"

ಬಂದೆವು. ಎರಡು ಗಂಟೆ ಕೂತೆವು, ನಾಲ್ಕು ಸಲ ಕಾಫಿ ಬಂತು. ಭಾಗ್ಯ ಮೊದಲ ಸಾಲಗಾರ್ತಿ, ಕೆಂಪರಾಜು ಎರಡನೆಯವನು. ಒಂದು ವರ್ಷದ ಕಂತಿನಷ್ಟು ಹಣವನ್ನು ಅವರು ಮೊದಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು, ಸಾಲ ಇರುವವರೆಗೆ ಮುಟ್ಟುವ ಹಾಗಿಲ್ಲ. ಕೆಂಪರಾಜು ಓಡಿಸದೆ ನಿಲ್ಲಿಸಿದ್ದ ಹಳೆಯ ಕಾರು ಮಾರಿದರೆ ಅದು ಹೊಂದುತ್ತದೆ ಎಂದು ನನಗೆ ಗೊತ್ತಿತ್ತು. ಪಿಗ್ಮಿ ನಿಲ್ಲಿಸುವಂತಿಲ್ಲ. ಬಡ್ಡಿ ನೂರಕ್ಕೆ ಅರ್ಧ ರೂಪಾಯಿ ಹೆಚ್ಚು ಎಂದರು, ಕಾಲು ರೂಪಾಯಿಗೆ ಇಳಿಸಿದೆ. "ಇಷ್ಟಾದರೂ ನನ್ನ ಕೈಲಿ ಇಲ್ಲ. ಗುರುವಾರ ಸಾಲದ ಕಮಿಟಿ. ಅವನನ್ನ ಕರ್ಕೊಂಡು ಬನ್ನಿ, ಅಧ್ಯಕ್ಷರು ಮುಖ ನೋಡದೆ ಸಹಿ ಹಾಕಲ್ಲ" ಎಂದರು.

ಕಮಿಟಿಯ ಅಧ್ಯಕ್ಷರು ಬಿಳಿ ಪಂಚೆಯ ದೊಡ್ಡ ಕುಳ. ಹದಿನೈದು ಎಕರೆ ಕಬ್ಬು, ಬಾಯಿ ಇನ್ನೂ ದೊಡ್ಡದು. ಕೆಂಪರಾಜು ಕೈ ಕಟ್ಟಿ ನಿಂತ. ಅಧ್ಯಕ್ಷರು ಅವನನ್ನು ಮೇಲಿನಿಂದ ಕೆಳಗೆ ನೋಡಿ ಕಣ್ಣು ಮಿಟುಕಿಸಿದರು.

"ಬಾರಯ್ಯ. ಈ ಭಾನ್ವಾರ ಯಾವ್ ಕುದ್ರೆ ಗೆಲ್ತದೆ ಏಳು. ಗೆದ್ರೆ ನಿನ್ ಸಾಲ ನಾನೇ ತೀರಿಸ್ಬುಡ್ತೀನಿ."

ಎಲ್ಲರೂ ನಕ್ಕರು. ಯಾವುದಾದರೂ ಒಂದು ಹೆಸರು ಹೇಳಲಿ, ಮಾತು ಮುಗಿಯಲಿ ಎಂದು ನಾನು ಅವನ ಕಾಲು ತುಳಿದೆ.

"ನಂಗೊತ್ತಿಲ್ಲ ಸಾರ್" ಎಂದ.

"ಗೊತ್ತಿಲ್ವಾ? ನಿನ್ ಕಸ್ಬೇ ನಿಂಗೊತ್ತಿಲ್ವಲ್ಲಯ್ಯ!"

"ಎಂಟ್ ರೇಸ್ ಓಡ್ತವೆ ಸಾರ್. ಅದ್ರಲ್ಲಿ ಏಳು ನಂಗೆ ಗೊತ್ತಾಗಕಿಲ್ಲ. ಅವನ್ನ ಬುಟ್ಟುಬುಡ್ತೀನಿ. ಒಂದೊಂದ್ ದಿಸ ಎಂಟೂ ಗೊತ್ತಾಗಕಿಲ್ಲ. ಕಳ್ಳೆಕಾಯಿ ತಿಂದು ಬಸ್ ಅತ್ತಿ ಬಂದ್ಬುಡ್ತೀನಿ. ನನ್ ಕಸ್ಬಲ್ಲಿ ಆಡೋದು ಕಮ್ಮಿ ಸಾರ್, ಸುಮ್ಕೆ ಕೂರೋದೇ ಜಾಸ್ತಿ."

ನಗು ನಿಂತಿತು. ಮೇಡಂ ಅಲ್ಲೇ ಹಿಡಿದರು. "ಗೆದ್ದಿದ್ದಕ್ಕೆ ತೆರಿಗೆ ಕಾಗದ ಇದೆ. ಸೋತಿದ್ದು ಎಲ್ಲಿದೆ?"

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲೇ ಇಲ್ಲ. ತೆರಿಗೆ ಕಾಗದದಲ್ಲಿ ಸೋಲು ಕಾಣುವುದಿಲ್ಲ, ಗೆಲುವಷ್ಟೇ ಕಾಣುತ್ತದೆ. ಕೆಂಪರಾಜು ಕೈಚೀಲದಿಂದ ಒಂದು ಉದ್ದನೆಯ ನೋಟ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. "ಇದ್ರಲ್ಲದೆ ಮೇಡಂ. ಸೋತಿದ್ದು ಎಷ್ಟು, ಯಾಕ್ ಸೋತೆ, ಎರಡೂ."

ಮೇಡಂ ಅಭ್ಯಾಸದಂತೆ ಹಿಂದಿನಿಂದ ತಿರುವಿದರು. ಅಧ್ಯಕ್ಷರು ಪಕ್ಕದಿಂದ ಬಗ್ಗಿ ಒಂದು ಸಾಲನ್ನು ಗಟ್ಟಿಯಾಗಿ ಓದಿದರು: "ಎರಡು ಸಾವಿರ. ಪಕ್ಕದವನ ಮಾತು ಕೇಳಿದ್ದು. ನನ್ನ ತಪ್ಪು."

ಪುಸ್ತಕ ಮುಚ್ಚಿ, ಅವನ ಕಡೆ ತಿರುಗಿದರು. "ಸೋತಿದ್ದ ಬರ್ದು, ಅದ್ರ ಪಕ್ಕ ನನ್ ತಪ್ಪು ಅಂತ ಬರ್ದಿರೋ ಗಂಡ್ಸನ್ನ ಇವತ್ತೇ ಕಣಯ್ಯ ನಾನ್ ನೋಡಿದ್ದು. ಕಬ್ಬಾಕಿ ಕೈ ಸುಟ್ಕೊಂಡ್ರೆ ನಾನು ಈಗ್ಲೂ ಮಳೆ ಮ್ಯಾಲೇ ಆಕೋದು." ಪೆನ್ನು ಕೇಳಿದರು. ಕೆಂಪರಾಜು ಜೇಬಿನಿಂದ ಒಂದು ಕೊಟ್ಟ.

ಸಹಿ ಹಾಕುವ ಮೊದಲು ಮೇಡಂ ಕೊನೆಯ ಷರತ್ತು ಹೇಳಿದರು. "ಮನೆ ನಿಮ್ಮ ಹೆಂಡತಿ ಹೆಸರಿಗೆ ರಿಜಿಸ್ಟರ್ ಆಗಬೇಕು. ಒಪ್ಪಿಗೆನಾ?"

ಗಂಡಸರಿಗೆ ಇಲ್ಲಿ ಮೀಸೆ ಅಡ್ಡ ಬರುತ್ತದೆ. ಈ ಮಾತಿಗೆ ಮುರಿದುಬಿದ್ದ ಫೈಲುಗಳು ನನ್ನ ಕೈಯಲ್ಲೇ ಮೂರು ಇವೆ.

"ಅದ್ನೇ ಎಂಗ್ ಕೇಳದು ಅಂತಿದ್ದೆ ಮೇಡಂ" ಎಂದ ಕೆಂಪರಾಜು. "ನನ್ ಎಸ್ರಲ್ಲಿದ್ರೆ ಯಾವತ್ತೋ ಒಂದಿನ ನಾನ್ ಸುಮ್ಕೆ ಕೂರ್ನಿಲ್ಲ ಅಂದ್ರೆ? ಅವ್ಳ್ ಎಸ್ರಿಗೇ ಮಾಡಿ."

ಹನ್ನೆರಡು ಲಕ್ಷ, ಒಂದು ರೂಪಾಯಿ ಕಡಿಮೆಯಿಲ್ಲ. ಕೆಲಸಕ್ಕೆ ಬರುವ ಮಕ್ಕಳಿಗೆ ಇಷ್ಟು ಹೇಳುತ್ತೇನೆ: ಗಿರಾಕಿಯ ಕಸುಬನ್ನು ಬಣ್ಣ ಹಚ್ಚಿ ಬರೆಯಬೇಡಿ. ಕಸುಬು ಎಂಥದೇ ಇರಲಿ, ದುಡ್ಡು ಮನೆಗೆ ಬಂದ ಮೇಲೆ ಯಾರ ಕೈಗೆ ಹೋಗುತ್ತದೆ, ಆ ಕೈ ಏನು ಮಾಡುತ್ತದೆ ಎಂದು ನೋಡಿ. ಸಾಲ ತೀರಿಸುವುದು ಆ ಕೈ. ಇನ್ನೊಂದು, ಮನೆಯ ಹೆಂಗಸು 'ಇದು ಸರಿ ಕಾಣಕಿಲ್ಲ' ಎಂದರೆ ಅಲ್ಲೇ ನಿಲ್ಲಿ. ನನ್ನ ಹಾಗೆ ನಲವತ್ತೊಂದು ದಿನ ಕಳೆಯಬೇಡಿ.

ಎಂಬತ್ತೇಳನೆಯ ದಿನ ಮಳವಳ್ಳಿಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸೇರಿದೆವು. ಮನೆ ಯಜಮಾನರು ಸಹಿ ಹಾಕಿದರು, ಕೆಂಪರಾಜು ಸಾಕ್ಷಿಗಳ ಜೊತೆ ಗೋಡೆಗೊರಗಿ ನಿಂತಿದ್ದ. ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಭಾಗ್ಯ ಹಸಿರು ಸೀರೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಹೆಬ್ಬೆಟ್ಟು ಒತ್ತಿದಳು. ಕೊಳ್ಳುವವರ ಫೋಟೋ ತೆಗೆಯಬೇಕಿತ್ತು. ಗುಮಾಸ್ತರು ಕ್ಯಾಮೆರಾ ತಿರುಗಿಸಿ ಒಂದು ತೆಗೆದರು, ತಲೆ ಆಡಿಸಿದರು. ಇನ್ನೊಂದು ತೆಗೆದರು. ಮೂರನೆಯದೂ ಸರಿಬರಲಿಲ್ಲ.

"ಅಮ್ಮ, ಇದು ಸರ್ಕಾರಿ ದಾಖಲೆ. ನಗಬೇಡೀಮ್ಮ, ಬಾಯಿ ಮುಚ್ಕೊಳ್ಳಿ" ಎಂದರು.

"ಮುಚ್ಕೊಂಡೇ ಇವ್ನಿ ಸಾರ್" ಎಂದಳು ಭಾಗ್ಯ. "ನಗ ತಾನಾಗೇ ಬತ್ತದೆ, ನಾನೇನ್ ಮಾಡ್ಲಿ?"

ಹಿಂದೆ ಸರದಿಯಲ್ಲಿ ನಿಂತವರೆಲ್ಲ ನಗಲು ಶುರುಮಾಡಿದರು. ಗುಮಾಸ್ತರು ಸೋತು, ಹಲ್ಲು ಕಾಣುತ್ತಿದ್ದ ಫೋಟೋವನ್ನೇ ಹಾಕಿ ಪತ್ರ ಮುದ್ರಿಸಿಕೊಟ್ಟರು.